ಹೋಲಿಕೆ ಮಣ್ಣು

ಹೊರಗೆ ಹೋಗುವಾಗ ತೊಳೆಯಬೇಕಾದ ಬೂಟನ್ನು ಅವಳು ಒಳಗೆ ಬರುವಾಗಲೇ ತೊಳೆಯತೊಡಗಿದ್ದನ್ನು ಕಂಡು ಗೇಟಿನ ಕಾವಲುಗಾರ ಕುರ್ಚಿ ಬಿಟ್ಟು ಎದ್ದು ನಿಂತ. ನಾಲ್ಕು ವರ್ಷದಿಂದ ಅದೇ ಗೇಟಿನಲ್ಲಿ ಕೂತವನು. ಲಾರಿಯ ಚಕ್ರಕ್ಕೆ ನೀರು ಹಾಯಿಸದೆ, ಮನುಷ್ಯರ ಕಾಲನ್ನು ಈ ತಗಡಿನ ತೊಟ್ಟಿಯಲ್ಲಿ ಅದ್ದಿಸದೆ ಒಂದು ನರಪಿಳ್ಳೆಯನ್ನೂ ಆಚೆಗೆ ಬಿಟ್ಟವನಲ್ಲ. ಒಮ್ಮೆ ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯನ್ನು ಹೊಳೆಯುವ ಶೂ ಸಮೇತ ತೊಟ್ಟಿಗಿಳಿಸಿ, ಮಣ್ಣಿನ ಮೇಡಂ ಹೇಳಿದಾರೆ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದ. ಮಣ್ಣಿನ ಮೇಡಂ ಎಂದರೆ ಇವಳೇ, ನಿಯಮವೂ ಇವಳದ್ದೇ. ಸೀಸ ಕರಗಿಸುತ್ತಿದ್ದ ಕಾರ್ಖಾನೆ ತಾನು ಮುಚ್ಚಿಹೋಗುವ ತನಕ ಈ ತಗ್ಗಿನಲ್ಲಿ ಸುರಿದ ನೀಲಿಬೂದು ಕಿಟ್ಟ, ಸೀಸ ತೆಗೆದು ಮಿಕ್ಕ ಕಸ, ಇಲ್ಲಿಂದ ಒಂದು ಚಿಟಿಕೆಯಷ್ಟೂ ಊರೊಳಗೆ ಕಾಲಿಡಕೂಡದು ಎನ್ನುವುದು ಅವಳ ಹಠ. ಹಠ ಎಂದರೆ ಅವಳಿಗೆ ಬೇಸರವಿರಲಿಲ್ಲ, ಹೊಗಳಿಕೆಯಾಗಿಯೇ ತೆಗೆದುಕೊಳ್ಳುತ್ತಿದ್ದಳು.

"ಏನ್ ಮೇಡಂ, ಇವತ್ತು ಉಲ್ಟಾ? ಒಳಗಿನ ಗಲೀಜು ಹೊರಗೆ ಹೋಗ್ಬಾರ್ದು ಅಂತಿದ್ರಿ. ಈಗ ಹೊರಗಿನದು ಒಳಗೆ ಬರ್ಬಾರ್ದಾ?"

"ಅಗೆಯೋ ಕೆಲಸದ ಕೊನೇ ದಿನ ಅಲ್ವಾ, ನಿಮ್ಮ ತೊಟ್ಟಿಗೆ ಮರ್ಯಾದೆ ಕೊಡ್ತಿದೀನಿ."

ಉತ್ತರ ಚೆನ್ನಾಗಿಯೇ ಬಂತು. ಅವಳ ಉತ್ತರಗಳು ಯಾವಾಗಲೂ ಚೆನ್ನಾಗಿಯೇ ಬರುತ್ತಿದ್ದವು, ಕಷ್ಟ ಇದ್ದದ್ದೇ ಅಲ್ಲಿ. ಕಾವಲುಗಾರ ನಕ್ಕು ಕೂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ ಕೇಳಿದ್ದಳು. ಯಾರೂ ಏನೂ ಅನ್ನುವ ಮೊದಲೇ ಹೆಗಲು ಉಜ್ಜಿ ತೊಳೆಯುತ್ತಿರುವವಳು ತಾನೊಬ್ಬಳೇ ಇರಬೇಕು ಅನ್ನಿಸಿತು. ಬೂಟಿನ ಅಡಿಯ ಗೆರೆಗಳಲ್ಲಿ ಹಿಟ್ಟಿನಂತೆ ಮೆತ್ತಿಕೊಂಡ ನೀಲಿಬೂದು. ನಡುನಡುವೆ ಬಾಟಲಿ ಒಡೆದ ಪುಡಿಯ ಹಾಗೆ ಮಿನುಗುವ ಕಾಳು. ಉಜ್ಜುತ್ತಾ ಉಜ್ಜುತ್ತಾ ಕೊನೆಯ ಉಂಡೆಯನ್ನು ತೊಟ್ಟಿಗೆ ಬಿಡದೆ, ಜೇಬಿನಲ್ಲಿ ಸದಾ ಇರುವ ಚಿಕ್ಕ ಚೀಲವೊಂದಕ್ಕೆ ಹಾಕಿ ಬಾಯಿ ಕಟ್ಟಿದಳು. ಚೀಟಿಯಲ್ಲಿ ತಾರೀಖು ಬರೆದಳು, ಗಂಟೆ ಬರೆದಳು, ತನ್ನ ಸಹಿ ಹಾಕಿದಳು. ಸ್ಥಳ ಎಂಬಲ್ಲಿ ಪೆನ್ನು ನಿಂತಿತು. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಸ್ಥಳ ಬರೆಯದೆ ಒಂದು ಚೀಲವನ್ನೂ ಕಟ್ಟಿದವಳಲ್ಲ. ಇದನ್ನು ಹಾಗೆಯೇ ಜೇಬಿಗೆ ಹಾಕಿಕೊಂಡಳು.

ಸ್ಥಳ ಅಕ್ಕನ ಹಿತ್ತಲು. ಕೆಲಸಕ್ಕೆ ಬರುವ ದಾರಿಯಲ್ಲೇ ಅಕ್ಕನ ಮನೆ, ಇವಳು ಹುಟ್ಟಿ ಬೆಳೆದದ್ದೂ ಅದೇ ಮನೆಯಲ್ಲಿ. ಕೊನೇ ದಿನ, ಟೀ ಕುಡಿದುಕೊಂಡು ಹೋಗು ಎಂದು ಅಕ್ಕ ಹೇಳಿಕಳಿಸಿದ್ದಳು. ಹೋದರೆ ಹಿತ್ತಲಲ್ಲಿ ಒಡೆದ ನೀರಿನ ಪೈಪು ಬದಲಿಸಲು ನಲ್ಲಿ ರಿಪೇರಿಯವನು ಮೊಣಕೈ ಆಳದ ಕಾಲುವೆ ತೋಡಿಟ್ಟು, ಮತ್ತೊಂದು ಪೈಪು ತರಲು ಅಂಗಡಿಗೆ ಹೋಗಿದ್ದ. ಕಪ್ಪು ಮಣ್ಣಿನ ಗುಡ್ಡೆಯ ಮೇಲೆ ಅಕ್ಕನ ಮೊಮ್ಮಗಳು, ಈಗಷ್ಟೇ ನಡೆಯಲು ಕಲಿತ, ಮನೆಯವರೆಲ್ಲ ಗುಂಡಿ ಎಂದು ಕರೆಯುವ ಮಗು, ಚಮಚ ಹಿಡಿದು ಅಡುಗೆಗೆ ಕೂತಿದ್ದಳು. ಅವಳ ಕೆನ್ನೆ ಹಿಂಡಲು ಬಗ್ಗಿದ ಇವಳ ಕಣ್ಣು ಕಾಲುವೆಯ ಗೋಡೆಗೆ ಬಿತ್ತು. ಮೇಲೆ ಒಂದು ಗೇಣು ಕಪ್ಪು ಮಣ್ಣು. ಅದರಡಿ ನಾಲ್ಕು ಬೆರಳು ದಪ್ಪದ ನೀಲಿಬೂದು ಪಟ್ಟೆ, ನೇರವಾಗಿ, ಯಾರೋ ಅಳೆದು ಎಳೆದ ಹಾಗೆ. ಅದರಡಿ ಕೆಂಪು. ನಾಲ್ಕು ವರ್ಷ ದಿನವೂ ನೋಡಿದ ಪಟ್ಟೆ. ಕನಸಿನಲ್ಲಿ ಕಂಡರೂ ಗುರುತು ಹಿಡಿಯಬಲ್ಲ ಪಟ್ಟೆ. ಅವಳು ಕಾಲುವೆಗೆ ಇಳಿದೇ ಬಿಟ್ಟಳು.

"ಪೈಪ್ ಕಾಲುವೇಲಿ ಏನ್ ನಿಧಿ ಹುಡುಕ್ತಿದೀಯಾ?" ಅಕ್ಕ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ಇದು ಯಾವಾಗ ಹಾಕಿದ್ದು?"

"ಯಾವ್ದು? ಆ ಕಿಟ್ಟಾನಾ? ಅಯ್ಯೋ, ನೀನಿನ್ನೂ ಹೊಟ್ಟೇಲಿದ್ದೆ ಕಣೇ. ಹಿತ್ತಲು ತಗ್ಗು, ನೀರು ನಿಂತು ಸೊಳ್ಳೆ. ಕಾರ್ಖಾನೆಯೋರು ಬೀದಿ ತುದೀಲಿ ಗಾಡಿಗಟ್ಟಲೆ ಸುರಿದು, ಯಾರಿಗೆ ಬೇಕೋ ಹೊತ್ಕೊಳ್ಳಿ ಅಂದ್ರು. ಪುಕ್ಕಟೆ. ಅಮ್ಮಂದು ದೊಡ್ಡ ಬುಟ್ಟಿ, ನಂದು ಚಿಕ್ಕ ಬುಟ್ಟಿ. ಮೂರು ದಿನ ಹೊತ್ವಿ. ಹುಲ್ಲೂ ಹುಟ್ಟಲ್ಲ, ಅಷ್ಟು ಚೆನ್ನಾಗಿ ಗಟ್ಟಿ ಕೂತ್ಕೊಳ್ತು. ಆಮೇಲೆ ಗಿಡ ಹಾಕ್ಬೇಕು ಅಂತ ಮೇಲೆ ಕಪ್ಪು ಮಣ್ಣು ತಂದು ಹರಡಿದ್ವಿ." ಅಕ್ಕನ ಮುಖದಲ್ಲಿ ಹನ್ನೆರಡು ವರ್ಷದ ಹುಡುಗಿಯ ಹೆಮ್ಮೆ. "ಯಾಕೆ?"

"ಏನಿಲ್ಲ," ಎಂದಳು. ಟೀ ಕುಡಿದಳು. ಗುಂಡಿಯನ್ನು ಎತ್ತಿ ಒಳಗೆ ಬಿಟ್ಟು, ಇವಳನ್ನ ಹೊರಗೆ ಬಿಡ್ಬೇಡ, ಧೂಳು ಎಂದಳು. ಧೂಳು ಎಂದಷ್ಟೇ ಹೇಳಿ ಬಂದುಬಿಟ್ಟಳು. ದಾರಿಯುದ್ದಕ್ಕೂ ಬೂಟಿನ ಅಡಿಯಲ್ಲಿ ಅದು ಕಿರಿಕಿರಿ ಎನ್ನುತ್ತಿತ್ತು.

ಹಿತ್ತಲಲ್ಲಿ ಕಿಟ್ಟ ಇರುವುದೇ ದೊಡ್ಡ ಸಂಗತಿಯಾಗಿದ್ದರೆ ಅವಳು ಅಲ್ಲೇ ಅಕ್ಕನಿಗೆ ಹೇಳಿಬಿಡುತ್ತಿದ್ದಳು. ಇವರ ಕಸುಬಿನಲ್ಲಿ ಹೋಲಿಕೆ ಮಣ್ಣು ಎಂಬುದೊಂದಿದೆ. ಕೆಟ್ಟ ನೆಲ ಎಷ್ಟು ಕೆಟ್ಟಿದೆ, ಎಲ್ಲಿಯ ತನಕ ಅಗೆದರೆ ಸಾಕು ಎಂದು ಹೇಳಬೇಕಾದರೆ ಮೊದಲು ಆ ಊರಿನ ಕೆಡದ ಮಣ್ಣು ಯಾವ ತರಹ ಇತ್ತು ಎಂದು ಗೊತ್ತಿರಬೇಕು. ಹತ್ತಿರದಲ್ಲೇ, ಐವತ್ತು ವರ್ಷ ಯಾರೂ ಕೈಯಾಡಿಸದ ನೆಲದಲ್ಲಿ, ಐದು ಬೇರೆ ಬೇರೆ ಕಡೆ ಮಣ್ಣು ತೆಗೆದು ಅದರಲ್ಲಿ ಸಹಜವಾಗಿ ಎಷ್ಟು ಸೀಸವಿದೆ ನೋಡಬೇಕು. ಆ ಅಂಕಿಗಿಂತ ಕೆಳಗಿಳಿದರೆ ನೆಲ ಶುದ್ಧ. ಸೃಷ್ಟಿಗಿಂತ ಶುದ್ಧ ಮಾಡಿ ಎಂದು ಯಾರೂ ಕೇಳುವುದಿಲ್ಲ. ನಾಲ್ಕು ವರ್ಷದ ಹಿಂದೆ ಆ ಮಣ್ಣು ತರಲು ಹೊರಟ ಬೆಳಿಗ್ಗೆ ಉರಿಬಿಸಿಲು. ಅವಳು ನೇರ ಅಕ್ಕನ ಮನೆಗೆ ಹೋದಳು. ತಾನು ಅಂಬೆಗಾಲಿಟ್ಟ ಹಿತ್ತಲು, ಅಕ್ಕನ ಸೊಪ್ಪಿನ ಮಡಿ ಬಿಟ್ಟರೆ, ಗೋಡೆ ಕಟ್ಟಲೂ ಅಲ್ಲಿ ಒಂದು ಸಲಿಕೆ ಬಿದ್ದದ್ದನ್ನು ಕಂಡಿಲ್ಲ. ಐವತ್ತು ವರ್ಷಕ್ಕೆ ಸಾಕ್ಷಿ? ಆಗ ತನಗೆ ನಲವತ್ತಾರು, ಅದಕ್ಕೆ ಹಿಂದಿನ ನಾಲ್ಕು ವರ್ಷ ಅಮ್ಮನ ಲೆಕ್ಕಕ್ಕೆ. ನಗುತ್ತಲೇ ಕೂಡಿಸಿದ್ದಳು. ನಾವು ಕಣ್ಣು ಬಿಟ್ಟಾಗ ಇದ್ದದ್ದೇ ಸೃಷ್ಟಿಯ ಆದಿ ಎಂದು ಎಲ್ಲರೂ ನಂಬಿರುತ್ತಾರೆ, ಆದರೆ ಅದನ್ನು ಸರ್ಕಾರಿ ಕಾಗದದಲ್ಲಿ ಬರೆದು ಸಹಿ ಹಾಕುವಷ್ಟು ಧೈರ್ಯ ಎಲ್ಲರಿಗೂ ಇರುವುದಿಲ್ಲ. ಐದು ಕಡೆಯ ಮಣ್ಣು ಐದು ಚೀಲ. ಐದೂ ಅಕ್ಕನ ಹಿತ್ತಲಿನದೇ, ನಾಲ್ಕು ಮೂಲೆ ಮತ್ತು ನಡುಮಧ್ಯ. ಕೊನೆಯ ಚೀಲ ಕಟ್ಟುವ ಹೊತ್ತಿಗೆ ಅಕ್ಕ ತಟ್ಟೆ ಹಾಕಿ ಕರೆದಿದ್ದಳು. ಊಟದ ಮಧ್ಯೆ, ಅಕ್ಕಾ, ಇನ್ನು ಈ ಊರಿಗೆಲ್ಲ ನಿನ್ನ ಹಿತ್ತಲ ಮಣ್ಣೇ ಅಳತೆ ಅಂದದ್ದು, ಅಕ್ಕ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದದ್ದು, ಎರಡೂ ಈಗ ನೆನಪಾಗಿ ಕಿವಿ ಬಿಸಿಯಾಯಿತು.

ಆಫೀಸೆಂದರೆ ಹಡಗಿನ ಕಬ್ಬಿಣದ ಪೆಟ್ಟಿಗೆಗೆ ಕಿಟಕಿ ಕೊರೆದದ್ದು. ಗೋಡೆಯ ತುಂಬ ನಕ್ಷೆ: ಇಡೀ ಆವರಣವನ್ನು ಇನ್ನೂರ ಹನ್ನೆರಡು ಚೌಕ ಮಾಡಿ, ಶುದ್ಧವಾದ ಚೌಕಕ್ಕೆಲ್ಲ ಹಸಿರು ಬಳಿದಿದ್ದರು. ನಿನ್ನೆ ಸಂಜೆ ಕೊನೆಯ ಚೌಕಕ್ಕೆ ಅವಳೇ ಹಸಿರು ತುಂಬಿ, ಬಣ್ಣದ ಪೆನ್ನಿನ ಮುಚ್ಚಳವನ್ನು ಟಪ್ಪೆಂದು ಹಾಕಿದ್ದಳು. ಈಗ ಆ ಹಸಿರಿನ ಮುಂದೆ ನಿಂತು ಪ್ರತಿ ಚೌಕದ ತಳದ ಅಂಕಿಯನ್ನು ಮನಸ್ಸಿನಲ್ಲೇ ಓದಿದಳು, ಅವಳಿಗೆ ಎಲ್ಲವೂ ಬಾಯಿಪಾಠ. ದಕ್ಷಿಣದ ಕಡೆ ನಲವತ್ತು, ಮೂವತ್ತೈದು. ಉತ್ತರದಲ್ಲಿ ಮುನ್ನೂರ ಹತ್ತು, ಮುನ್ನೂರ ನಲವತ್ತು, ಮುನ್ನೂರ ಅರವತ್ತು. ಕಿಲೋ ಮಣ್ಣಿಗೆ ಅಷ್ಟು ಮಿಲಿಗ್ರಾಂ ಸೀಸ. ಅಕ್ಕನ ಹಿತ್ತಲಿನ ಅಂಕಿ ಮುನ್ನೂರ ಎಂಬತ್ತು. ಎಲ್ಲ ಅದಕ್ಕಿಂತ ಕಡಿಮೆ, ಎಲ್ಲ ಹಸಿರು. ತಕ್ಕಡಿಯ ತಟ್ಟೆಯಡಿ ಮೇಣ ಅಂಟಿಸಿಕೊಂಡು ನಾಲ್ಕು ವರ್ಷ ಪ್ರಾಮಾಣಿಕವಾಗಿ ತೂಗಿದ್ದಾಯಿತು. ದಕ್ಷಿಣದಲ್ಲಿ ನಲವತ್ತು ಇರುವ ಊರಿನಲ್ಲಿ ಸಹಜ ಮಣ್ಣು ಮುನ್ನೂರ ಎಂಬತ್ತು ಹೇಗಾದೀತು ಎಂದು ಒಂದು ದಿನವಾದರೂ ಕೇಳಿಕೊಳ್ಳಬಹುದಿತ್ತು. ಪ್ರಯೋಗಾಲಯದವಳು ಕೇಳಿದ್ದಳು. ಫೋನಿನಲ್ಲಿ, ಅಳುಕುತ್ತಾ, ಮೇಡಂ ಸ್ವಲ್ಪ ಜಾಸ್ತಿ ಅನ್ಸಲ್ವಾ ಎಂದು. ಹಳೇ ಊರು, ಮಣ್ಣೇ ಹಾಗೆ ಎಂದು ಇವಳು ಫೋನಿಟ್ಟಿದ್ದಳು. ಇನ್ನೂ ಒಂದಿತ್ತು. ಅಂದು ಹಿತ್ತಲಿಗೆ ಚುಚ್ಚಿದ ಹೆಬ್ಬೆರಳು ಗಾತ್ರದ ಕೊಳವೆಯಲ್ಲಿ ಮೇಲೆ ಬಂದ ಮಣ್ಣು ಕಲಸಿಹೋಗಿತ್ತು, ಪಟ್ಟೆ ಕಾಣುವಂತಿರಲಿಲ್ಲ, ಅದು ನಿಜ. ಆದರೆ ಮಿನುಗು? ಮಿನುಗು ಕಂಡಿತ್ತೇ? ಕಂಡಿತ್ತು. ಮೂರನೇ ಚೀಲದಲ್ಲಿ. ಬರೀ ಅಭ್ರಕ, ಕಾಗೆಬಂಗಾರ, ಎಂದು ಬರೆದಿದ್ದಳು. ಬೇರೆ ಯಾರ ಮನೆಯ ಹಿತ್ತಲಾಗಿದ್ದರೂ ಆ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಭೂತಗನ್ನಡಿ ತರಿಸುತ್ತಿದ್ದಳು.

"ಮೇಡಂ, ಹೊರಡ್ಲಾ? ಸಂಜೆ ಟ್ರೈಲರ್ ಬರುತ್ತೆ." ಬಾಗಿಲಲ್ಲಿ ಆನೆ. ಅಗೆಯುವ ಯಂತ್ರ ನಡೆಸುವವನು, ಕಡ್ಡಿಯ ಹಾಗಿದ್ದಾನೆ. ಯಂತ್ರದ ಸೊಂಡಿಲಿಗೆ ಇಟ್ಟ ಹೆಸರು ಅವನಿಗೂ ಅಂಟಿಕೊಂಡಿತ್ತು. ಬೆಳಿಗ್ಗೆಯಿಂದ ಯಂತ್ರಕ್ಕೆ ಅಭ್ಯಂಜನ ನಡೆಸಿ ಮೈಯೆಲ್ಲ ಒದ್ದೆಯಾಗಿದ್ದ.

"ತಡಿ," ಎಂದಳು. ಆಮೇಲೆ ಕೇಳಿಬಿಟ್ಟಳು, ಬಾಯಿ ತಾನಾಗಿ ಕೇಳಿತು. "ಒಂದು ಚಿಕ್ಕ ಹಿತ್ತಲು. ಮೊಣಕೈ ಆಳ. ತೆಗೆದು ಹೊಸ ಮಣ್ಣು ತುಂಬೋಕೆ ಎಷ್ಟು ಹೊತ್ತಾಗುತ್ತೆ?"

"ಚಿಕ್ಕ ಮಷೀನ್ ಆದ್ರೆ ಅರ್ಧ ದಿನ. ಒಂದೆರಡು ಲೋಡ್ ಒಳ್ಳೇ ಮಣ್ಣು ಮಿಕ್ಕಿದೆ, ಹೇಗೂ ವಾಪಸ್ ಕಳಿಸ್ಬೇಕು. ಯಾರದು?"

"ಗೊತ್ತಿರೋರದ್ದು."

"ನಿಮಗೆ ಗೊತ್ತಿರೋರು ಅಂದ್ರೆ ನಮಗೂ ಗೊತ್ತಿರೋರೇ. ನಾಳೆ ಬೆಳಿಗ್ಗೆ ಮುಗಿಸ್ಕೊಡ್ತೀನಿ ಬಿಡಿ." ಅವನು ಸೀಟಿ ಹಾಕುತ್ತಾ ಹೋದ.

ಇಷ್ಟು ಸುಲಭವೇ? ಇಷ್ಟೇ ಸುಲಭ. ಅರ್ಧ ದಿನದಲ್ಲಿ ಅಕ್ಕನ ಹಿತ್ತಲು ಶುದ್ಧ, ಗುಂಡಿ ಮಣ್ಣಾಡಿದರೂ ಭಯವಿಲ್ಲ. ಪಟ್ಟೆಯೂ ಮಾಯ, ಸಾಕ್ಷಿಯೂ ಮಾಯ. ಹನ್ನೊಂದು ಗಂಟೆಗೆ ಸಭೆ, ಸಹಿ, ಫೋಟೋ. ಇಲ್ಲಿ ಎದ್ದು ನಿಲ್ಲಲಿರುವ ಶಾಲೆಯ ಆಟದ ಬಯಲು ಉತ್ತರಕ್ಕೆ ಬರುತ್ತದೆ, ಮುನ್ನೂರ ನಲವತ್ತರ ಮೇಲೆ. ಅದರ ಮೇಲೂ ಹೊಸ ಮಣ್ಣು ಒಂದು ಪದರ ಬೀಳುತ್ತದಲ್ಲ ಎಂದು ಮನಸ್ಸು ವಕೀಲಿಕೆ ಶುರುಮಾಡಿತು. ಬೀಳುತ್ತದೆ, ಒಂದು ಗೇಣು. ಅಕ್ಕನ ಹಿತ್ತಲಲ್ಲೂ ಒಂದೇ ಗೇಣಿತ್ತು. ಐವತ್ತು ವರ್ಷದಲ್ಲಿ ಬೇರು, ಇಲಿ, ಎರೆಹುಳು, ನಲ್ಲಿ ರಿಪೇರಿಯವನು, ಎಲ್ಲರೂ ಸೇರಿ ಆ ಗೇಣನ್ನು ಏನು ಮಾಡುತ್ತಾರೆ ಎನ್ನುವುದನ್ನು ಈ ಬೆಳಿಗ್ಗೆ ಕಂಡು ಬಂದಿದ್ದಳು. ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಹೊಟ್ಟೆಗೇಡು. ತನ್ನ ಮಾನ ಉಳಿಸಿಕೊಂಡು ಅಕ್ಕನ ಮನೆಯನ್ನಷ್ಟೇ ಗುಡಿಸುವ ಈ ಉಪಾಯ ತನಗೆ ಎಷ್ಟು ಸಲೀಸಾಗಿ ಹೊಳೆಯಿತು ಎಂಬುದೇ ಅವಳನ್ನು ಹೆಚ್ಚು ನಾಚಿಸಿತು. ನೌಕರಿಗೆ ಸೇರಿದ ಹೊಸದರಲ್ಲಿ ಎರಡು ಸೀಸೆಗಳ ಚೀಟಿ ಅದಲುಬದಲಾಗಿ, ಹತ್ತು ಜನರ ಮುಂದೆ ಅಂದಿನ ಮೇಲಧಿಕಾರಿ ಸೀಸೆಯನ್ನು ಅವಳ ಮೂಗಿನ ಮುಂದೆ ಹಿಡಿದು, ಇದು ಏನು, ನಿನ್ನ ಉಪ್ಪಿನಕಾಯಿಯಾ ಎಂದು ಕೇಳಿದ್ದ. ಅಂದಿನಿಂದ ಚೀಟಿಯಲ್ಲಿ ತಪ್ಪಿದ್ದಿಲ್ಲ. ಚೀಟಿಯನ್ನು ಅಷ್ಟು ಸರಿಯಾಗಿ ಬರೆಯುತ್ತಾ ಬಂದವಳು ಚೀಲದೊಳಗೆ ಏನಿದೆ ಎಂದು ನೋಡುವುದನ್ನು ಮರೆತಿದ್ದಳು.

ಅವಳಿಗೆ ಕುಲುಮೆಯಜ್ಜ ನೆನಪಾದದ್ದು ಆಗಲೇ. ಕಾರ್ಖಾನೆಯ ಕುಲುಮೆಯಲ್ಲಿ ದುಡಿದು ಮುದುಕನಾದವನು, ಈಗ ಊರಿನ ಪರವಾಗಿ ಸಮಿತಿಯಲ್ಲಿದ್ದಾನೆ. ಎರಡು ವರ್ಷದ ಹಿಂದೆ ತುಂಬಿದ ಸಭೆಯಲ್ಲಿ ಅವನು ಹಿಂದಿನ ಸಾಲಿನಿಂದ ಕೈಯೆತ್ತಿ, ಶುದ್ಧ ಮಣ್ಣು ಶುದ್ಧ ಮಣ್ಣು ಅಂತೀರಲ್ಲಮ್ಮಾ, ಅದನ್ನ ಎಲ್ಲಿಂದ ತಂದ್ರಿ ಎಂದು ಕೇಳಿದ್ದ. ಇವಳು ಮೈಕಿಗೆ ಬಾಗಿ, "ಅಜ್ಜಾ, ನನ್ನ ಅಂಗೈಯಷ್ಟೇ ಚೆನ್ನಾಗಿ ನನಗೆ ಗೊತ್ತಿರೋ ಜಾಗದಿಂದ. ನಿಮ್ಮನೆ ಅಡುಗೆಮನೆಯಿಂದ ಅಲ್ಲ, ಹೆದರಬೇಡಿ" ಎಂದಿದ್ದಳು. ಸಭೆ ಗೊಳ್ಳೆಂದು ನಕ್ಕಿತ್ತು. ಕೆಲವರು ಚಪ್ಪಾಳೆ ತಟ್ಟಿದ್ದರು. ಅಜ್ಜನೂ ನಕ್ಕಂತೆ ಮಾಡಿ ಕೂತಿದ್ದ. ಕೂರುವಾಗ ಕುರ್ಚಿ ಎಲ್ಲಿದೆ ಎಂದು ಕೈಯಲ್ಲಿ ತಡವಿದ್ದು ಅವಳಿಗೆ ಕಂಡಿತ್ತು. ಅದನ್ನೂ ಅಭ್ರಕವೆಂದೇ ಬಿಟ್ಟಿದ್ದಳು.

ಹತ್ತೂವರೆಗೆ ಫೋನು. ಅಕ್ಕ. "ಪೈಪ್ ಹಾಕಿದ್ದಾಯ್ತು, ಕಾಲುವೆ ಮುಚ್ಚಲಾ ಅಂತ ಕೇಳ್ತಿದಾನೆ. ನೀನು ಹಾಗೆ ನೋಡ್ತಿದ್ಯಲ್ಲ, ಅದಕ್ಕೇ ಕೇಳ್ದೆ. ಇವಳೊಬ್ಬಳು, ಕಣ್ಣು ತಪ್ಪಿಸಿ ಹೋಗಿ ಬಾಯಿ ತುಂಬ ಮಣ್ಣು ಹಾಕ್ಕೊಂಡು ಕೂತಿದಾಳೆ. ನೀನೂ ಹೀಗೇ ತಿಂತಿದ್ದೆ ಬಿಡು. ನಿನ್ನ ಬಾಯಿಗೆ ಬೆರಳು ಹಾಕಿ ತೆಗೆದೂ ತೆಗೆದೂ ನನಗೆ ಸಾಕಾಗ್ತಿತ್ತು."

ಅವಳ ನಾಲಿಗೆಯ ಮೇಲೆ ಆ ಕಿರಿಕಿರಿ ಬಂದು ಕೂತಿತು. ಮೆತ್ತಗಿನ ಮಣ್ಣು, ನಡುವೆ ಹಲ್ಲಿಗೆ ಸಿಗುವ ಒಂದು ಕಾಳು, ಅಕ್ಕನ ಒರಟು ಬೆರಳು. ಹಿತ್ತಲಿಂದ ಒಳಗೆ ಬರುವಾಗ ಅಕ್ಕ ಹೊಸಲಿನಲ್ಲಿ ತಂಬಿಗೆ ಹಿಡಿದು ನಿಲ್ಲುತ್ತಿದ್ದಳು. "ಕಾಲು" ಎನ್ನುತ್ತಿದ್ದಳು, ಒಂದೇ ಮಾತು. ಇವಳು ಕಾಲು ಚಾಚುತ್ತಿದ್ದಳು. ಲೋಕದಲ್ಲಿ ಅದಕ್ಕಿಂತ ಗಟ್ಟಿಯಾದ ಸುಖ ಅವಳಿಗೆ ಆಮೇಲೆ ಸಿಕ್ಕಿರಲಿಲ್ಲ.

"ಅಕ್ಕಾ, ಕೇಳು. ಅವಳ ಬಾಯಿ ತೊಳಿ, ಕೈ ತೊಳಿ, ಉಗುರು ಕತ್ತರಿಸಿ ಬಟ್ಟೆ ಬದಲಿಸು. ಮತ್ತೆ ಹೊರಗೆ ಬಿಡ್ಬೇಡ, ಬಾಗಿಲಿಗೆ ಚಿಲಕ ಹಾಕು. ಕಾಲುವೆ ಮುಚ್ಚಬಾರದು ಅಂತ ಅವನಿಗೆ ಹೇಳು. ಒಂದು ಹಿಡಿ ಮಣ್ಣೂ ಮುಟ್ಟಬಾರದು."

"ಯಾಕೇ? ಧೂಳು ಅಂದ್ಯಲ್ಲ?"

"ಧೂಳಲ್ಲ. ಸಂಜೆ ಬಂದು ಹೇಳ್ತೀನಿ." ತಡೆದಳು. "ಇಲ್ಲ, ಈಗಲೇ ಹೇಳ್ತೀನಿ. ಅಮ್ಮ ನೀನು ಹೊತ್ತು ಹಾಕಿದ್ದು ನಾನಿಲ್ಲಿ ನಾಲ್ಕು ವರ್ಷದಿಂದ ಅಗೆದು ತೆಗೀತಿರೋದೇ. ಅದೇ ವಿಷ." ಗುಂಡಿಯ ಚಮಚ ನೆಲಕ್ಕೆ ಬಡಿಯುವುದು ಕೇಳಿಸಿತು, ಆಮೇಲೆ ಫೋನು ಇಟ್ಟ ಸದ್ದು.

ಸಭೆಗೆ ಅವಳು ನೆಟ್ಟಗೆ ನಡೆದು ಹೋದಳು. ಅವಳ ನಡಿಗೆಯೇ ಹಾಗೆ. ಮನಸ್ಸು ಒಮ್ಮೆ ಒಂದು ಕಡೆ ಕೂತಿತೆಂದರೆ ಕಾಲು ಅನುಮಾನ ಪಡುತ್ತಿರಲಿಲ್ಲ. ಉದ್ದ ಮೇಜಿನ ತಲೆಗೆ ಇಲಾಖೆಯ ಸಾಹೇಬರು, ಒಂದು ಕಡೆ ಬರಲಿರುವ ಶಾಲೆಯ ಮುಖ್ಯ ಶಿಕ್ಷಕಿ, ಇನ್ನೊಂದು ಕಡೆ ಕುಲುಮೆಯಜ್ಜ, ಇಸ್ತ್ರಿ ಮಾಡಿದ ಅಂಗಿ, ಕೊರಳಿನ ಬಟನ್ನಿನ ತನಕ ಹಾಕಿಕೊಂಡು. ಸಾಹೇಬರು ಮುಕ್ತಾಯದ ಕಾಗದವನ್ನು ಅವಳತ್ತ ಸರಿಸಿ ಪೆನ್ನು ಕೊಟ್ಟರು. "ತಗೊಳ್ಳಿ ಅಮ್ಮಾ, ನಿಮ್ಮ ಸಹಿಯಿಂದಲೇ ಶುರು ಆಗ್ಲಿ. ನಿಮ್ಮ ಕೂಸು ಇದು."

ಅವಳು ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟಳು. ಜೇಬಿನಿಂದ ಚೀಲ ತೆಗೆದು ಅದರ ಪಕ್ಕ ಇಟ್ಟಳು.

"ಸಹಿ ಹಾಕಲ್ಲ ಸರ್. ಹೋಲಿಕೆ ಮಣ್ಣು ತಪ್ಪು. ಐದು ಕಡೆಯಿಂದ ತರ್ಬೇಕಾದ್ದನ್ನ ಒಂದೇ ಹಿತ್ತಲಿಂದ ತಂದೆ. ಆ ಹಿತ್ತಲಿಗೆ ಇದೇ ಕಾರ್ಖಾನೆಯ ಕಿಟ್ಟ ತುಂಬಿದಾರೆ, ನಾನು ಹುಟ್ಟೋಕೆ ಮೊದಲೇ. ಇವತ್ತು ಬೆಳಿಗ್ಗೆ ಗೊತ್ತಾಯ್ತು. ಆದ್ರೆ ಅವತ್ತೇ ಮಿನುಗು ಕಂಡಿತ್ತು, ನಾನು ಅಭ್ರಕ ಅಂತ ಬರೆದೆ. ಉತ್ತರದ ತೊಂಬತ್ತು ಚೌಕ ಶುದ್ಧ ಆಗಿಲ್ಲ. ಮತ್ತೆ ಅಗೀಬೇಕು."

ಹೊರಗೆ ಆನೆ ಇನ್ನೂ ಯಂತ್ರಕ್ಕೆ ನೀರು ಹೊಡೆಯುತ್ತಿದ್ದ. ಸಾಹೇಬರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. "ಇದನ್ನ ಮೊದಲು ನನ್ನ ಹತ್ರ ಒಬ್ಬರೇ ಬಂದು ಹೇಳ್ಬಹುದಿತ್ತು."

"ಹೇಳಿದ್ರೆ ನೀವು ನಾಳೆ ನೋಡೋಣ ಅಂತಿದ್ರಿ ಸರ್. ನಾನೂ ಸರಿ ಅಂತಿದ್ದೆ."

ಮುಖ್ಯ ಶಿಕ್ಷಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಈ ವರ್ಷ ಶಾಲೆ ಇಲ್ಲ?"

"ಈ ವರ್ಷ ಇಲ್ಲ ಮೇಡಂ."

"ತಂದೆತಾಯಿಗಳಿಗೆ ನಾನೇನು ಹೇಳ್ಲಿ?"

"ನನ್ನ ಹೆಸರು ಹೇಳಿ."

ಕುಲುಮೆಯಜ್ಜ ಚೀಲವನ್ನು ಎಳೆದುಕೊಂಡು, ಬಿಚ್ಚದೆ, ಬೆಳಕಿಗೆ ಹಿಡಿದು ನೋಡಿದ. ಹಳೆಯ ಗೆಳೆಯನ ಗುರುತು ಸಿಕ್ಕವನ ಹಾಗೆ ತಲೆಯಾಡಿಸಿದ. "ಯಾವ ಬೀದಿ?" ಎಂದ. ಅವಳು ಹೇಳಿದಳು.

"ಆ ಬೀದಿಗೆ ಹದಿನಾರು ಗಾಡಿ. ಹೊಡ್ಕೊಂಡು ಹೋದವನು ನಾನೇ. ಈ ಕಡೆ ಐದು ಬೀದಿಗೂ ಹಾಕಿದೀವಿ. ಸಂಬಳ ಬಿಟ್ರೆ ಕಾರ್ಖಾನೆ ಊರಿಗೆ ಕೊಟ್ಟಿದ್ದು ಅದೊಂದೇ, ಜನ ಕೈ ಮುಗಿದು ತಗೊಂಡ್ರು." ಚೀಲವನ್ನು ಮೆಲ್ಲಗೆ ಕೆಳಗಿಟ್ಟ. "ಅವತ್ತು ನಾನು ಕೇಳಿದ್ದು ನಿಮ್ಮನ್ನ ಸಿಕ್ಕಿಸೋಕಲ್ಲಮ್ಮಾ. ಯಾಕೆ ಕೇಳ್ತಿದೀಯ ಅಜ್ಜಾ ಅಂತ ನೀವು ತಿರುಗಿ ಕೇಳ್ತೀರಿ ಅಂದ್ಕೊಂಡೆ. ಕೇಳಿದ್ರೆ ಹೇಳ್ತಿದ್ದೆ."

"ಆಮೇಲಾದ್ರೂ ಹೇಳ್ಬಾರ್ದಿತ್ತಾ?" ಸಾಹೇಬರು ಸಿಡುಕಿದರು.

"ಎಲ್ಲ ನಕ್ರಲ್ಲ ಸ್ವಾಮಿ," ಎಂದ ಅಜ್ಜ.

ಅವಳಿಗೆ ನೆಲ ಬಿರಿಯಲಿ ಅನ್ನಿಸಿದ್ದು ಆ ದಿನದಲ್ಲಿ ಆ ಒಂದೇ ಕ್ಷಣ. ಕ್ಷಮಿಸಿ ಎಂದರೆ ಮತ್ತೊಂದು ಚೆಂದದ ಉತ್ತರವಾಗುತ್ತಿತ್ತು. ಅವಳು ಕುರ್ಚಿಯನ್ನು ಅಜ್ಜನ ಪಕ್ಕಕ್ಕೆ ಎಳೆದುಕೊಂಡು ಕೂತಳು. ಒಂದು ಖಾಲಿ ಹಾಳೆ ಅವನ ಮುಂದಿಟ್ಟಳು. "ಅಜ್ಜಾ, ನಿಮ್ಮ ಗಾಡಿ ಹೋಗದ ಜಾಗ ಯಾವುದು?"

"ಹಾಗೆ ಕೇಳಿ ಮತ್ತೆ," ಎಂದು ಅಜ್ಜ ಪೆನ್ನು ಹಿಡಿದ. ಬೆರಳು ನೆಟ್ಟಗಿರಲಿಲ್ಲ, ಗೆರೆ ಮಾತ್ರ ನೆಟ್ಟಗೆ ಬಂತು. ಹೊಳೆಯಾಚೆಯ ದಿಣ್ಣೆ, ಎತ್ತು ಏರಲಿಲ್ಲ. ಕೆರೆಯ ಹಿಂದಿನ ಕಲ್ಲುನೆಲ. ಹಳೇ ಸ್ಮಶಾನದ ಅಂಚು. ಸತ್ತವರಿಗೆ ಏನೂ ಪುಕ್ಕಟೆ ಬೇಕಿರಲಿಲ್ಲವಲ್ಲ ಎಂದು ಅವನೇ ನಕ್ಕ. ಇನ್ನೂ ಎರಡು ನೆನಪು ಮಾಡಿಕೊಂಡು ಒಟ್ಟು ಐದು ಗುರುತು ಹಾಕಿದ. ಸಾಹೇಬರು ಮುಕ್ತಾಯದ ಕಾಗದವನ್ನು ಕಡತದೊಳಗೆ ತೂರಿಸಿ, ನಿಮ್ಮ ಮೇಲೆ ವರದಿ ಹೋಗುತ್ತೆ ಎಂದರು. ಹೋಗಲಿ ಸರ್, ನಾನೇ ಬರೆದು ಕೊಡ್ತೀನಿ, ನಿಮಗಿಂತ ವಿವರವಾಗಿ ಗೊತ್ತಿರೋದು ನನಗೇ ಎಂದಳು. ಹೊರಗೆ ಸುದ್ದಿ ಕೇಳಿದ ಆನೆ ನೀರಿನ ಕೊಳವೆ ಕೆಳಗೆ ಹಾಕಿ ಯಂತ್ರದ ಮುಖ ನೋಡಿದ. "ಸ್ನಾನ ಮಾಡ್ಸಿದ ಎಮ್ಮೆ ಮತ್ತೆ ಕೆಸರಿಗೆ ಇಳೀತಲ್ಲ ಮೇಡಂ," ಎಂದ. ಬೈಯಲಿಲ್ಲ. ಆ ಹಿತ್ತಲು ಎಂದು ಏನೋ ಕೇಳಹೊರಟವನಿಗೆ, ಅದು ನಮ್ಮಕ್ಕನದು, ಸರದಿ ಬಂದಾಗ ಎಲ್ಲರ ಜೊತೆ ಎಂದಳು.

ನಾಲ್ಕು ಗಂಟೆಗೆ ಅವಳು ಅಕ್ಕನ ಮನೆ ತಲುಪಿದಾಗ ಕೈಯಲ್ಲಿ ಗೂಟ, ದಾರ, ಕೈಗವಸು, ಕಂಕುಳಲ್ಲಿ ಕಾವಲುಗಾರನಿಂದ ಬೇಡಿ ತಂದ ತಗಡಿನ ತೊಟ್ಟಿ. ಹಿತ್ತಲ ಬಾಗಿಲಿಗೆ ಹೊರಗಿನಿಂದ ಚಿಲಕ. ಗುಂಡಿ ಒಳಗೆ ನಿದ್ದೆಹೋಗಿದ್ದಳು, ಉಗುರುಗಳನ್ನು ಮಾಂಸಕ್ಕೆ ತಾಗುವಷ್ಟು ಕತ್ತರಿಸಲಾಗಿತ್ತು. ಅಕ್ಕ ತನ್ನ ಸೊಪ್ಪಿನ ಮಡಿಯ ನಡುವೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಒಂದು ಎಲೆಯನ್ನೂ ಕಿತ್ತಿರಲಿಲ್ಲ.

"ಬೀದಿಗೆಲ್ಲ ಹೇಳ್ಕೊಂಡು ಬಂದಿದೀನಿ ಕಣೇ," ಎಂದಳು, ತಿರುಗಿ ನೋಡದೆ. "ನಮ್ಮ ಹಿತ್ತಲ ಮಣ್ಣು ಅಂದ್ರೆ ಅಪರಂಜಿ ಅಂತ. ಸೊಪ್ಪು ಹಂಚಿದೀನಿ. ಬಾಣಂತಿಯರಿಗೆ ಹುಡುಕಿ ಹುಡುಕಿ ಎಳೇದು ಕೊಟ್ಟಿದೀನಿ."

"ನಾನು ಹೇಳಿದ್ದಕ್ಕೆ ನೀನು ಹೇಳಿದೆ. ಬೀದಿಗೆ ನಾನೇ ಹೇಳ್ತೀನಿ, ಮನೆಮನೆಗೆ ಹೋಗಿ."

"ಅಮ್ಮ ಏಳು ತಿಂಗಳ ಬಸುರಿ. ನಾನಾದ್ರೂ ಬೇಡ ಅನ್ಬಹುದಿತ್ತು."

"ಹನ್ನೆರಡು ವರ್ಷ ನಿನಗೆ."

"ಗುಂಡಿಗೆ ಏನಾಗುತ್ತೆ?"

ಸುಳ್ಳು ಹೇಳಬಾರದು ಎಂದುಕೊಂಡೇ ಬಂದಿದ್ದಳು. "ಗೊತ್ತಿಲ್ಲ. ನಾಳೆ ಬೆಳಿಗ್ಗೆ ರಕ್ತ ಪರೀಕ್ಷೆ, ನಾನೇ ಕರ್ಕೊಂಡು ಹೋಗ್ತೀನಿ. ಚಿಕ್ಕವಳು, ಬೇಗ ಗೊತ್ತಾಗಿದೆ, ದಾರಿ ಇದೆ. ನಿಂದೂ ಮಾಡಿಸ್ಬೇಕು."

"ನಂದು ಬಿಡು."

"ಬಿಡಲ್ಲ. ನಂದೂ."

ಅಕ್ಕ ಈಗ ತಿರುಗಿ ನೋಡಿದಳು. ಕಣ್ಣು ಕೆಂಪಾಗಿತ್ತು, ಆದರೆ ತುಟಿಯ ಮೂಲೆ ಕದಲಿತು. "ಇಷ್ಟು ತಿಂದೂ ಅಷ್ಟು ಓದಿದೆ. ತಿನ್ನದೇ ಇದ್ದಿದ್ರೆ ಇನ್ನೆಷ್ಟು ಓದಿ ಪ್ರಾಣ ತಿಂತಿದ್ಯೋ."

ಇಬ್ಬರೂ ನಕ್ಕರು. ಬಹಳ ಹೊತ್ತಲ್ಲ. ಆಮೇಲೆ ಅಕ್ಕ ಎದ್ದು ಕೈಗವಸಿಗೆ ಕೈ ಚಾಚಿದಳು. ಗೂಟ ಹೊಡೆದರು, ದಾರ ಕಟ್ಟಿದರು. ದಾರದ ಒಂದು ತುದಿ ತಂಗಿಯ ಕೈಯಲ್ಲಿ, ಇನ್ನೊಂದು ಅಕ್ಕನ ಕೈಯಲ್ಲಿ. ಹಿತ್ತಲು ನಾಲ್ಕು ಚೌಕವಾಯಿತು. ಸೊಪ್ಪಿನ ಮಡಿ ಮೂರನೆಯ ಚೌಕಕ್ಕೆ ಬಂತು. ದಾರ ಮಡಿಯ ಮೇಲೆ ಹಾದು ಹೋಗುವಾಗ ಅಕ್ಕ ಒಂದು ಗಿಡವನ್ನು ಅಭ್ಯಾಸಬಲದಿಂದ ಪಕ್ಕಕ್ಕೆ ಬಾಗಿಸಿ ಹಿಡಿದಳು, ತುಳಿಯದಿರಲಿ ಎಂದು. ಆಮೇಲೆ ಬಿಟ್ಟಳು. ತಂಗಿ ಸಭೆಯಿಂದ ವಾಪಸ್ ತಂದಿದ್ದ ಬೆಳಗಿನ ಚೀಲವನ್ನು ಜೇಬಿನಿಂದ ತೆಗೆದು, ಸ್ಥಳ ಎಂಬಲ್ಲಿ ಮನೆ ನಂಬರು, ಬೀದಿ, ಹಿತ್ತಲು ಎಂದು ಪೂರ್ತಿ ಬರೆದಳು.

ಬಿಸಿಲು ಗೋಡೆಯ ಮೇಲಕ್ಕೆ ಹತ್ತಿತು. ಒಳಗೆ ಗುಂಡಿ ಎದ್ದು ಕೂಗಿದಳು. ಅಕ್ಕ ಗಡಿಬಿಡಿಯಿಂದ ಬಾಗಿಲ ಕಡೆ ನಡೆದಳು, ಒಂದು ಕಾಲು ಹೊಸಲು ದಾಟಲು ಎತ್ತಿದ್ದಳು.

"ಕಾಲು," ಎಂದಳು ತಂಗಿ.

ಅಕ್ಕ ಎತ್ತಿದ ಕಾಲನ್ನು ಹಾಗೆಯೇ ನಿಲ್ಲಿಸಿದಳು. ತಗಡಿನ ತೊಟ್ಟಿಯನ್ನು ನೋಡಿದಳು, ತಂಗಿಯನ್ನು ನೋಡಿದಳು. ಬಂದೆ ಬಂದೆ ಎಂದು ಒಳಕ್ಕೆ ಕೂಗಿ, ಗೋಡೆ ಹಿಡಿದುಕೊಂಡು ಕಾಲು ಚಾಚಿದಳು. ಅವಳು ನೆಲಕ್ಕೆ ಕೂತು ಅಕ್ಕನ ಪಾದವನ್ನು ಮಡಿಲಿಗೆ ತೆಗೆದುಕೊಂಡಳು. ಅರವತ್ತೆರಡು ವರ್ಷದ ಪಾದ, ಹಿಮ್ಮಡಿಯ ತುಂಬ ಬಿರುಕು, ಒಂದೊಂದು ಬಿರುಕಿನಲ್ಲೂ ನೀಲಿಬೂದು ಗೆರೆ, ಬೆಳಿಗ್ಗೆ ಕಾಲುವೆಯ ಗೋಡೆಯಲ್ಲಿ ಕಂಡದ್ದೇ. ಬ್ರಷ್ಷಿನಿಂದ ಉಜ್ಜಿದಳು. ಅಕ್ಕ ಹ್ಞಾ ಎಂದಳು, ನೋಯುತ್ತಿತ್ತು. ಬ್ರಷ್ಷು ಕೆಳಗಿಟ್ಟು ಬೆರಳಿನಿಂದ ತೊಳೆದಳು. ನೀರು ಬದಲಿಸಿ ಮತ್ತೆ ತೊಳೆದಳು.

"ಸಾಕು ಬಿಡೇ, ಹೋಯ್ತು."

"ಇನ್ನೂ ಇದೆ," ಎಂದು ಅವಳು ಇನ್ನೊಂದು ಕಾಲಿಗೆ ಕೈ ಚಾಚಿದಳು.